ಸಣ್ಣ ಉದ್ಯಮದಲ್ಲಿ ಸಿಆರ್‌ಎಂ ತಂತ್ರಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬರೇ ನಡೆಸುವ ಉದ್ಯಮದಿಂದ ಹಿಡಿದು ಇಪ್ಪತ್ತು ಇಪ್ಪತ್ತೈದು ಜನ ದುಡಿಯುವ ಸಂಸ್ಥೆಯವರೆಗಿನ ಮಾಲೀಕರನ್ನೂ ಸಿಬ್ಬಂದಿಯನ್ನೂ ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಯಾವುದೋ ಒಂದು ತಂತ್ರಾಂಶದಲ್ಲಿ ಯಾವ ಗುಂಡಿ ಎಲ್ಲಿದೆ ಎಂಬ ವಿವರಣೆ ಇಲ್ಲಿಲ್ಲ. ತಂತ್ರಾಂಶ ಯಾವುದೇ ಆದರೂ ಎದುರಾಗುವ ಪ್ರಶ್ನೆಗಳಿಗೆ ಮಾತ್ರ ಇಲ್ಲಿ ಉತ್ತರವಿದೆ.

ಸಿಆರ್‌ಎಂ ಎಂದರೆ ಏನು?

ಗ್ರಾಹಕ ಸಂಬಂಧ ನಿರ್ವಹಣೆ ಎಂಬ ಭಾರವಾದ ಹೆಸರಿನ ಒಳಗಿರುವುದು ಸರಳವಾದ ಸಂಗತಿ. ಯಾರು ನಮ್ಮನ್ನು ವಿಚಾರಿಸಿದರು, ಅವರೊಡನೆ ಏನು ಮಾತಾಯಿತು, ಅವರಿಗೆ ನಾವು ಏನನ್ನು ಯಾವಾಗ ಮಾಡಿಕೊಡುತ್ತೇವೆಂದು ಒಪ್ಪಿಕೊಂಡಿದ್ದೇವೆ ಎಂಬ ಮೂರು ವಿಷಯಗಳನ್ನು ಉದ್ಯಮದಲ್ಲಿರುವ ಯಾರು ಬೇಕಾದರೂ ಒಂದೇ ಕಡೆ ನೋಡಿ ತಿಳಿಯುವಂತೆ ಇಡುವ ದಾಖಲೆ ಪುಸ್ತಕವೇ ಸಿಆರ್‌ಎಂ. ಮಾರಾಟದ ವರದಿ, ಗುಂಪು ಸಂದೇಶ, ದೂರುಗಳ ಪಟ್ಟಿ, ಬಣ್ಣಬಣ್ಣದ ನಕ್ಷೆ ಎಲ್ಲವೂ ಈ ಮೂರರ ಮೇಲೆ ಕಟ್ಟಿದ ಮಹಡಿಗಳು. ಮೂರನೆಯ ವಿಷಯವನ್ನು, ಅಂದರೆ ಕೊಟ್ಟ ಮಾತನ್ನು, ದಾಖಲಿಸದ ಸಿಆರ್‌ಎಂ ವಿಳಾಸಗಳ ಪಟ್ಟಿಯಾಗಿ ಉಳಿಯುತ್ತದೆ. ಸಣ್ಣ ಉದ್ಯಮಗಳು ಗ್ರಾಹಕರನ್ನು ಕಳೆದುಕೊಳ್ಳುವುದು ಬೆಲೆಯ ಕಾರಣಕ್ಕೆ ಎಷ್ಟೋ, "ನಾಳೆ ತಿಳಿಸುತ್ತೇವೆ" ಎಂದು ಹೇಳಿ ಮರೆತುಬಿಡುವ ಕಾರಣಕ್ಕೂ ಅಷ್ಟೇ ಎಂಬುದು ನನ್ನ ಅಭಿಪ್ರಾಯ.

ಬಿಲ್ ಹಾಕುವ ತಂತ್ರಾಂಶ ಈಗಾಗಲೇ ಇದೆ. ಅದರಲ್ಲೇ ಗ್ರಾಹಕರ ಹೆಸರುಗಳಿವೆಯಲ್ಲ?

ಇವೆ, ಆದರೆ ಅಲ್ಲಿರುವುದು ಕೊಂಡವರ ಹೆಸರುಗಳು ಮಾತ್ರ. ವಿಚಾರಿಸಿ ಕೊಳ್ಳದೆ ಹೋದವರು, ದರಪಟ್ಟಿ ತೆಗೆದುಕೊಂಡು ಯೋಚಿಸುತ್ತಿರುವವರು, ಎರಡು ವರ್ಷದಿಂದ ಬಾರದೆ ಇರುವವರು ಬಿಲ್ಲಿನ ಪುಸ್ತಕದಲ್ಲಿ ಎದ್ದು ಕಾಣುವುದಿಲ್ಲ. ಲೆಕ್ಕಪತ್ರದ ತಂತ್ರಾಂಶ ಮುಗಿದುಹೋದ ವ್ಯವಹಾರವನ್ನು ಹೇಳುತ್ತದೆ, ಸಿಆರ್‌ಎಂ ಇನ್ನೂ ಮುಗಿಯದ ವ್ಯವಹಾರವನ್ನು ಹೇಳಬೇಕು. ಎರಡನ್ನೂ ಜೋಡಿಸಲು ಸಾಧ್ಯವಿದ್ದರೆ ಒಳ್ಳೆಯದೇ. ಆದರೆ ಮೊದಲ ದಿನವೇ ಜೋಡಿಸಲು ಹೊರಡಬೇಡಿ. ಗ್ರಾಹಕರ ಹೆಸರು ಮತ್ತು ವಿಳಾಸದ ಮೂಲ ಪ್ರತಿ ಯಾವ ತಂತ್ರಾಂಶದಲ್ಲಿರುತ್ತದೆ, ತಿದ್ದುಪಡಿಯನ್ನು ಎಲ್ಲಿ ಮೊದಲು ಮಾಡಬೇಕು ಎಂಬುದನ್ನು ನಿರ್ಧರಿಸದೆ ಜೋಡಿಸಿದರೆ ಎರಡೂ ಕಡೆ ತಪ್ಪು ಹರಡುತ್ತದೆ.

ಎಕ್ಸೆಲ್ ಹಾಳೆ ಸಾಲದೇ?

ಬಹಳ ದಿನಗಳವರೆಗೆ ಸಾಲುತ್ತದೆ, ಮತ್ತು ಹಾಗೆ ಹೇಳಲು ಸಂಕೋಚ ಪಡಬೇಕಾಗಿಲ್ಲ. ಒಬ್ಬರೇ ಬರೆಯುವ, ಒಬ್ಬರೇ ಓದುವ, ನೂರಿನ್ನೂರು ಹೆಸರುಗಳ ಪಟ್ಟಿಗೆ ಅದಕ್ಕಿಂತ ಹಗುರವಾದ ಸಾಧನ ಸಿಗುವುದು ಕಷ್ಟ. ಹೆಸರು, ದೂರವಾಣಿ, ಕೊನೆಯ ಮಾತುಕತೆಯ ದಿನಾಂಕ, ಮುಂದೆ ಮಾಡಬೇಕಾದ ಕೆಲಸ, ಅದರ ದಿನಾಂಕ ಎಂಬ ಐದು ಅಂಕಣಗಳನ್ನು ಹಾಕಿ, ಪ್ರತಿದಿನ ಬೆಳಿಗ್ಗೆ ಕೊನೆಯ ಅಂಕಣದ ಪ್ರಕಾರ ವಿಂಗಡಿಸಿ ನೋಡುವ ಶಿಸ್ತು ನಿಮಗಿದ್ದರೆ ನೀವು ಆಗಲೇ ಸಿಆರ್‌ಎಂ ಬಳಸುತ್ತಿದ್ದೀರಿ ಎಂದೇ ಅರ್ಥ.

ಹಾಳೆ ಸೋಲುವುದು ಹೆಸರುಗಳು ಹೆಚ್ಚಾದಾಗ ಎನ್ನುವುದಕ್ಕಿಂತ ಕೈಗಳು ಹೆಚ್ಚಾದಾಗ. ಮೂವರು ಬರೆಯತೊಡಗಿದ ಮೇಲೆ ಒಂದೇ ಗ್ರಾಹಕರು ಮೂರು ಸಾಲುಗಳಲ್ಲಿ ಕಾಣಿಸಿಕೊಳ್ಳುತ್ತಾರೆ, ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯುತ್ತಾರೆ, ಹಳೆಯ ಮಾತುಕತೆಯ ಇತಿಹಾಸ ಅಳಿಸಿಹೋಗಿ ಕೊನೆಯ ಸಾಲಷ್ಟೇ ಉಳಿಯುತ್ತದೆ. ಒಂದು ಅಂಕಣವನ್ನು ಮಾತ್ರ ಆಯ್ದು ವಿಂಗಡಿಸಿದರೆ ಒಬ್ಬರ ದೂರವಾಣಿ ಸಂಖ್ಯೆ ಇನ್ನೊಬ್ಬರ ಹೆಸರಿನ ಮುಂದೆ ಕೂರುತ್ತದೆ, ಮತ್ತು ಅದು ವಾರಗಳವರೆಗೆ ಯಾರ ಕಣ್ಣಿಗೂ ಬೀಳದೇ ಇರಬಹುದು.

ಹಾಳೆಯ ಮಿತಿಗಳು ಸದ್ದಿಲ್ಲದೆ ಬರುತ್ತವೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಎಕ್ಸೆಲ್‌ನ ಹಳೆಯ ಕಡತ ಮಾದರಿಯಲ್ಲಿ 65,536 ಸಾಲುಗಳು ಮಾತ್ರ ಹಿಡಿಯುತ್ತವೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಈ ಹಳೆಯ ಮಾದರಿಗೆ ಮಾಹಿತಿ ತುಂಬುತ್ತಿದ್ದಾಗ ಜಾಗ ಸಾಲದೆ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋಗಿದ್ದವು. ಸಣ್ಣ ಉದ್ಯಮ ಅಷ್ಟು ಸಾಲುಗಳನ್ನು ಮುಟ್ಟುವುದಿಲ್ಲ, ನಿಜ. ಆದರೆ ಬಿಟ್ಟುಹೋದದ್ದನ್ನು ಹಾಳೆ ತಾನಾಗಿ ಹೇಳುವುದಿಲ್ಲ ಎಂಬ ಪಾಠ ಇಬ್ಬರಿಗೂ ಒಂದೇ.

ಇಬ್ಬರೇ ಇರುವ ಉದ್ಯಮಕ್ಕೂ ಇದು ಬೇಕೇ?

ಇಬ್ಬರೂ ಒಂದೇ ಗ್ರಾಹಕರೊಡನೆ ಮಾತನಾಡುವ ಸಂದರ್ಭ ವಾರಕ್ಕೊಮ್ಮೆಯಾದರೂ ಬರುತ್ತಿದ್ದರೆ ಬೇಕು. ಇಲ್ಲವಾದರೆ ಹಾಳೆಯೇ ಇರಲಿ.

ಇವು ದೊಡ್ಡ ಕಂಪನಿಗಳಿಗಾಗಿ ಮಾಡಿದ ತಂತ್ರಾಂಶಗಳಲ್ಲವೇ?

ಕೆಲವು ಹೌದು, ಮತ್ತು ಅದರ ಗುರುತು ಇಂದಿಗೂ ಅವುಗಳ ಮೇಲಿದೆ. ಗಣಕಯಂತ್ರದಲ್ಲಿ ಸಂಪರ್ಕಗಳನ್ನು ನಿರ್ವಹಿಸುವ ಮೊದಲ ಜನಪ್ರಿಯ ತಂತ್ರಾಂಶಗಳಲ್ಲಿ ಒಂದಾದ ಆಕ್ಟ್ 1987ರಲ್ಲಿ ಬಂದಾಗ ಅದು ಒಬ್ಬ ಮಾರಾಟಗಾರ ತನ್ನ ಮೇಜಿನ ಮೇಲಿನ ವಿಳಾಸದ ಚೀಟಿಗಳ ಬದಲಿಗೆ ಬಳಸಬಹುದಾದ ಸಾಧನವಾಗಿತ್ತು. 1993ರಲ್ಲಿ ಆರಂಭವಾದ ಸೀಬೆಲ್ ಸಿಸ್ಟಮ್ಸ್ ನೂರಾರು ಮಾರಾಟಗಾರರಿರುವ ಸಂಸ್ಥೆಗಳನ್ನು ಗುರಿಯಾಗಿಟ್ಟುಕೊಂಡಿತು. ಅದನ್ನು ಸಂಸ್ಥೆಯ ಸ್ವಂತ ಸರ್ವರ್‌ಗಳ ಮೇಲೆ ಹಾಕಲು ತಿಂಗಳುಗಟ್ಟಲೆ ಕೆಲಸವೂ ತಜ್ಞರ ತಂಡವೂ ಬೇಕಾಗುತ್ತಿದ್ದವು. 1999ರಲ್ಲಿ ಸೇಲ್ಸ್‌ಫೋರ್ಸ್ ಅದೇ ಕೆಲಸವನ್ನು ಬ್ರೌಸರ್‌ನೊಳಗೆ, ಚಂದಾ ಕಟ್ಟಿ ಬಳಸುವ ಸೇವೆಯಾಗಿ ಕೊಡಲು ಮುಂದಾಯಿತು. ಸರ್ವರ್ ಇಲ್ಲದ, ತಂತ್ರಜ್ಞರಿಲ್ಲದ ಉದ್ಯಮಗಳಿಗೆ ಸಿಆರ್‌ಎಂ ಕೈಗೆಟುಕುವಂತಾದದ್ದು ಈ ಬದಲಾವಣೆಯ ನಂತರ.

ಆದರೆ ಚಂದಾ ಮಾದರಿಯೊಡನೆ ಇನ್ನೊಂದು ಗುಣವೂ ಬಂತು. ದೊಡ್ಡ ಗಿರಾಕಿಯೊಬ್ಬರು ಕೇಳಿದ ಸೌಲಭ್ಯ ಎಲ್ಲರ ತೆರೆಯ ಮೇಲೂ ಕಾಣಿಸಿಕೊಳ್ಳುತ್ತದೆ. ಹೊಸದಾಗಿ ತೆರೆದ ಸಿಆರ್‌ಎಂನಲ್ಲಿ ಹತ್ತಾರು ಅಂಕಣಗಳು, ಪ್ರದೇಶ ವಿಭಾಗಗಳು, ಅನುಮೋದನೆಯ ಹಂತಗಳು ಕಂಡರೆ ಅವೆಲ್ಲ ನಿಮಗಾಗಿ ಇರುವವು ಎಂದು ಭಾವಿಸಬೇಡಿ. ಮೊದಲ ದಿನದ ಅತ್ಯಂತ ಉಪಯುಕ್ತ ಕೆಲಸವೆಂದರೆ ಬೇಡವಾದ ಅಂಕಣಗಳನ್ನು ಮರೆಮಾಡುವುದು.

ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು?

ಹೆಸರು ಹೇಳಿ ಶಿಫಾರಸು ಮಾಡುವುದಕ್ಕಿಂತ ಪರೀಕ್ಷಿಸುವ ವಿಧಾನ ಹೇಳುವುದು ಉಪಯುಕ್ತ. ಬಹುತೇಕ ಸೇವೆಗಳು ಕೆಲವು ದಿನಗಳ ಪ್ರಾಯೋಗಿಕ ಬಳಕೆಗೆ ಅವಕಾಶ ಕೊಡುತ್ತವೆ. ಆ ದಿನಗಳಲ್ಲಿ ಮಾದರಿ ಮಾಹಿತಿಯನ್ನು ಬಿಟ್ಟು, ನಿಮ್ಮ ನಿಜವಾದ ಇಪ್ಪತ್ತು ವಿಚಾರಣೆಗಳನ್ನು ತುಂಬಿ, ನಾಲ್ಕು ಕೆಲಸಗಳನ್ನು ಮಾಡಿ ನೋಡಿ. ಗ್ರಾಹಕರೊಬ್ಬರು ಕರೆ ಮಾಡಿದಾಗ ಅವರ ದಾಖಲೆ ಎಷ್ಟು ಬೇಗ ಸಿಗುತ್ತದೆ, ಕರೆ ಮುಗಿದ ಕೂಡಲೇ ಮೊಬೈಲ್‌ನಿಂದ ಎರಡು ಸಾಲು ಬರೆದು ಮುಂದಿನ ದಿನಾಂಕ ಹಾಕಲು ಎಷ್ಟು ಒತ್ತುಗಳು ಬೇಕಾಗುತ್ತವೆ, ಇಂದು ಮಾಡಬೇಕಾದ ಕೆಲಸಗಳು ತೆರೆದ ಕೂಡಲೇ ಕಾಣುತ್ತವೆಯೇ, ಮತ್ತು ತುಂಬಿದ್ದೆಲ್ಲವನ್ನೂ ಪೂರ್ತಿಯಾಗಿ ಹೊರತೆಗೆಯಲು ಬರುತ್ತದೆಯೇ ಎಂಬುದನ್ನು ಗಮನಿಸಿ. ನಾಲ್ಕನೆಯದನ್ನು ಜನ ಮರೆಯುತ್ತಾರೆ. ಕೆಲವು ಸೇವೆಗಳಲ್ಲಿ ಹೆಸರು ಮತ್ತು ಸಂಖ್ಯೆಗಳು ಸುಲಭವಾಗಿ ಹೊರಬರುತ್ತವೆ, ಆದರೆ ಮಾತುಕತೆಯ ಟಿಪ್ಪಣಿಗಳೂ ಲಗತ್ತಿಸಿದ ಕಡತಗಳೂ ಒಳಗೇ ಉಳಿಯುತ್ತವೆ. ಒಳಗೆ ಹೋಗುವ ಮುನ್ನ ಹೊರಬರುವ ಬಾಗಿಲನ್ನು ನೋಡಿಕೊಂಡಿರುವುದು ಜಾಣತನ.

ಕನ್ನಡದಲ್ಲಿ ಬರೆದ ಹೆಸರನ್ನೂ ಟಿಪ್ಪಣಿಯನ್ನೂ ಹುಡುಕಿದರೆ ಸಿಗುತ್ತದೆಯೇ ಎಂದು ಸಹ ಪರೀಕ್ಷಿಸಿ. ಬರೆಯಲು ಬರುತ್ತದೆ, ಹುಡುಕಿದರೆ ಸಿಗುವುದಿಲ್ಲ ಎಂಬ ಸ್ಥಿತಿ ಬರೆಯಲು ಬಾರದ ಸ್ಥಿತಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಉಚಿತ ಆವೃತ್ತಿ ಅಥವಾ ಮುಕ್ತ ತಂತ್ರಾಂಶ ಬಳಸಬಹುದೇ?

ಬಳಸಬಹುದು, ಆದರೆ ಎರಡೂ ಬೇರೆ ಬೇರೆ ವಸ್ತುಗಳು. ಉಚಿತ ಆವೃತ್ತಿ ಎಂದರೆ ಕಂಪನಿಯೊಂದು ತನ್ನ ಸೇವೆಯ ಒಂದು ಭಾಗವನ್ನು, ಬಳಕೆದಾರರ ಸಂಖ್ಯೆಗೋ ದಾಖಲೆಗಳ ಸಂಖ್ಯೆಗೋ ಮಿತಿ ಹಾಕಿ, ಹಣವಿಲ್ಲದೆ ಕೊಡುವುದು. ಆ ಮಿತಿ ದಾಟಿದ ದಿನ ಎಷ್ಟು ಕಟ್ಟಬೇಕಾಗುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಚಂದಾ ಸಾಮಾನ್ಯವಾಗಿ ತಲೆಗೆ ಇಷ್ಟು ಎಂಬ ಲೆಕ್ಕದಲ್ಲಿರುವುದರಿಂದ, ವಾರಕ್ಕೊಮ್ಮೆ ಇಣುಕುವ ಸಿಬ್ಬಂದಿಗೂ ಪೂರ್ತಿ ಚಂದಾ ಬೀಳಬಹುದು.

ಶುಗರ್‌ಸಿಆರ್‌ಎಂನ ಮುಕ್ತ ಆವೃತ್ತಿಯಿಂದ ಕವಲೊಡೆದು ಬಂದ ಸೂಟ್‌ಸಿಆರ್‌ಎಂನಂಥ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ, ಮೂಲ ಸಂಕೇತವನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ಆದರೆ ಅದನ್ನು ಯಾವುದಾದರೂ ಸರ್ವರ್ ಮೇಲೆ ಹಾಕಬೇಕು, ಭದ್ರತೆಯ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಅಳವಡಿಸಬೇಕು, ಬ್ಯಾಕಪ್ ತೆಗೆಯಬೇಕು. ಈ ಕೆಲಸಕ್ಕೆ ಹೊಣೆಗಾರರು ಇಂಥವರೇ ಎಂದು ಬೊಟ್ಟು ಮಾಡಿ ತೋರಿಸಲು ಆಗದ ಉದ್ಯಮ ಆ ದಾರಿ ಹಿಡಿಯದಿರುವುದು ಕ್ಷೇಮ.

ಮೊದಲು ಯಾವ ಮಾಹಿತಿಯನ್ನು ತುಂಬಬೇಕು?

ಹೆಸರು, ಸಂಪರ್ಕ, ಏನು ಕೇಳಿದರು, ಯಾರ ಮೂಲಕ ಬಂದರು, ಯಾರು ನೋಡಿಕೊಳ್ಳುತ್ತಿದ್ದಾರೆ, ಮುಂದಿನ ಹೆಜ್ಜೆ ಏನು, ಅದು ಯಾವ ದಿನ. ಇಷ್ಟು ಸಾಕು. ಹೊಸ ಅಂಕಣವೊಂದನ್ನು ಸೇರಿಸಬೇಕೆನಿಸಿದಾಗಲೆಲ್ಲ, ಆ ಮಾಹಿತಿಯನ್ನು ನೋಡಿ ಯಾರು ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಸೇರಿಸಬೇಡಿ.

ಕಡ್ಡಾಯ ಅಂಕಣಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗೊತ್ತಿಲ್ಲದ ಮಾಹಿತಿಯನ್ನು ಕಡ್ಡಾಯ ಮಾಡಿದರೆ ಜನ ಸುಳ್ಳು ತುಂಬುತ್ತಾರೆ. ಮಿಂಚಂಚೆ ವಿಳಾಸ ಕಡ್ಡಾಯವೆಂದಾಗ ಒಂದೇ ಕಲ್ಪಿತ ವಿಳಾಸ ನೂರು ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ, ಹುಟ್ಟಿದ ದಿನ ಕಡ್ಡಾಯವೆಂದಾಗ ಅರ್ಧಕ್ಕರ್ಧ ಗ್ರಾಹಕರು ಜನವರಿ 1ರಂದು ಹುಟ್ಟುತ್ತಾರೆ. ಖಾಲಿ ಬಿಟ್ಟ ಅಂಕಣ ಪ್ರಾಮಾಣಿಕವಾದದ್ದು, ಅದನ್ನು ಮುಂದೊಂದು ದಿನ ತುಂಬಬಹುದು. ಸುಳ್ಳು ತುಂಬಿದ ಅಂಕಣವನ್ನು ಯಾರೂ ಮತ್ತೆ ನೋಡುವುದಿಲ್ಲ.

ಹಳೆಯ ಪಟ್ಟಿಗಳನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವುದು ಹೇಗೆ?

ಹೆಚ್ಚಿನ ತಂತ್ರಾಂಶಗಳು ಸಿಎಸ್‌ವಿ ಎಂಬ ಸರಳ ಪಠ್ಯ ಕಡತದಿಂದ ಮಾಹಿತಿಯನ್ನು ಎಳೆದುಕೊಳ್ಳುತ್ತವೆ, ಮತ್ತು ಅವಾಂತರಗಳು ಹುಟ್ಟುವುದು ಹೆಚ್ಚಾಗಿ ಈ ಹಂತದಲ್ಲೇ. ಸಾಮಾನ್ಯವಾದ ಮೂರನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದು ದೂರವಾಣಿ ಸಂಖ್ಯೆ. ಎಕ್ಸೆಲ್ ಅದನ್ನು ಗಣಿತದ ಸಂಖ್ಯೆ ಎಂದು ತಿಳಿದು ಆರಂಭದ ಸೊನ್ನೆಯನ್ನು ಕಿತ್ತುಹಾಕುತ್ತದೆ. ದೇಶದ ಸಂಕೇತವೂ ಸೇರಿ ಹನ್ನೆರಡು ಅಂಕಿಗಳಾದರೆ 9.19845E+11 ಎಂಬಂಥ ಘಾತ ರೂಪಕ್ಕೆ ತಿರುಗಿಸಿ ತೋರಿಸುತ್ತದೆ, ಮತ್ತು ಅದನ್ನು ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಕೊನೆಯ ಅಂಕಿಗಳು ನಾಶವಾಗುತ್ತವೆ. ಅಂಕಣವನ್ನು ಪಠ್ಯವೆಂದು ಮೊದಲೇ ಗುರುತಿಸಿ, ಎಲ್ಲ ಸಂಖ್ಯೆಗಳನ್ನೂ ಕೂಡುಚಿಹ್ನೆ ಮತ್ತು ದೇಶದ ಸಂಕೇತದೊಂದಿಗೆ ಒಂದೇ ರೂಪದಲ್ಲಿ ಬರೆಯಿರಿ. ಅಂತರರಾಷ್ಟ್ರೀಯ ದೂರವಾಣಿ ಸಂಖ್ಯೆಯ ಮಾನದಂಡದ ಪ್ರಕಾರ ದೇಶದ ಸಂಕೇತವೂ ಸೇರಿ ಗರಿಷ್ಠ 15 ಅಂಕಿಗಳಿರಬಹುದು, ಅದಕ್ಕಿಂತ ಉದ್ದವಿದ್ದರೆ ಆ ಅಂಕಣದಲ್ಲಿ ಎರಡು ಸಂಖ್ಯೆಗಳು ಅಂಟಿಕೊಂಡಿವೆ ಎಂದು ತಿಳಿಯಬಹುದು.

ಎರಡನೆಯದು ದಿನಾಂಕ. 04/03 ಎಂಬುದು ಕೆಲವರಿಗೆ ಮಾರ್ಚ್ 4, ಇನ್ನು ಕೆಲವರಿಗೆ ಏಪ್ರಿಲ್ 3. ತಂತ್ರಾಂಶಕ್ಕೆ ತಪ್ಪು ಪದ್ಧತಿ ಹೇಳಿಕೊಟ್ಟರೆ ತಿಂಗಳ ಹನ್ನೆರಡರೊಳಗಿನ ದಿನಾಂಕಗಳು ಅದಲುಬದಲಾಗುತ್ತವೆ, ಹದಿಮೂರರಿಂದಾಚೆಯವು ತಿರಸ್ಕಾರವಾಗುತ್ತವೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 2024-03-04 ಎಂಬಂತೆ ಬರೆದರೆ ಈ ಗೊಂದಲವೇ ಇರುವುದಿಲ್ಲ.

ಮೂರನೆಯದು ಲಿಪಿ. ಕನ್ನಡದಲ್ಲಿರುವ ಹೆಸರುಗಳು ಸಾಗಿಸಿದ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಂಡರೆ ಕಡತವನ್ನು ಎಲ್ಲ ಲಿಪಿಗಳನ್ನೂ ಹಿಡಿಯಬಲ್ಲ ಯುಟಿಎಫ್-8 ಸಂಕೇತದಲ್ಲಿ ಉಳಿಸಿಲ್ಲ ಎಂದರ್ಥ. ಎಕ್ಸೆಲ್‌ನಲ್ಲಿ ಉಳಿಸುವಾಗ ಬರೀ ಸಿಎಸ್‌ವಿ ಎಂಬುದರ ಬದಲು ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯನ್ನು ಹಿಡಿಯಬೇಕು. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ಕಾಲದ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಯಾದರೆ ಇಷ್ಟು ಸಾಲದು, ಅದನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಿರುಗಿಸಿಕೊಂಡ ಮೇಲೆಯೇ ಮುಂದಿನ ಮಾತು.

ಏನೇ ಮಾಡಿದರೂ ಮೊದಲು ಹತ್ತು ಸಾಲುಗಳನ್ನು ಮಾತ್ರ ಸಾಗಿಸಿ ಕಣ್ಣಾರೆ ನೋಡಿ. ಎಲ್ಲ ಹಳೆಯ ಹೆಸರುಗಳನ್ನೂ ತರಲೇಬೇಕೆಂಬ ಹಟವೂ ಬೇಡ. ಮೂರು ವರ್ಷಗಳಿಂದ ಸದ್ದಿಲ್ಲದವರನ್ನು ಹಳೆಯ ಕಡತದಲ್ಲೇ ಬಿಟ್ಟು, ಅವರು ಮತ್ತೆ ಬಂದಾಗ ಸೇರಿಸಿಕೊಳ್ಳಬಹುದು.

ಒಬ್ಬರೇ ಗ್ರಾಹಕರ ಹೆಸರು ಎರಡು ಮೂರು ಬಾರಿ ಸೇರಿಹೋಗಿದೆ. ಏನು ಮಾಡಬೇಕು?

ಹೆಸರನ್ನು ನಂಬಿ ಒಂದುಗೂಡಿಸಬೇಡಿ. ಒಂದೇ ಹೆಸರಿನ ಇಬ್ಬರಿರಬಹುದು, ಒಬ್ಬರದೇ ಹೆಸರನ್ನು ಮೂರು ಬಗೆಯ ಕಾಗುಣಿತದಲ್ಲಿ ಬರೆದಿರಬಹುದು. ದೂರವಾಣಿ ಅಥವಾ ಮಿಂಚಂಚೆ ವಿಳಾಸವನ್ನು ಗುರುತಾಗಿಟ್ಟುಕೊಂಡು ಹುಡುಕಿ, ಒಂದುಗೂಡಿಸುವ ಮುನ್ನ ಎರಡೂ ದಾಖಲೆಗಳ ಟಿಪ್ಪಣಿಗಳನ್ನು ಓದಿ. ಒಂದುಗೂಡಿಸಿದ ದಾಖಲೆಯನ್ನು ಮತ್ತೆ ಬೇರ್ಪಡಿಸುವುದು ಹಲವು ತಂತ್ರಾಂಶಗಳಲ್ಲಿ ಸಾಧ್ಯವೇ ಇಲ್ಲ. ಇದಕ್ಕಿಂತ ಸುಲಭದ ದಾರಿ ಮೊದಲೇ ತಡೆಯುವುದು. ಹೊಸ ದಾಖಲೆ ತೆರೆಯುವ ಮುನ್ನ ಸಂಖ್ಯೆಯ ಕೊನೆಯ ಐದಾರು ಅಂಕಿಗಳನ್ನು ಹುಡುಕಿ ನೋಡುವ ಅಭ್ಯಾಸವನ್ನು ಎಲ್ಲರೂ ರೂಢಿಸಿಕೊಂಡರೆ ಈ ಪ್ರಶ್ನೆ ಅಪರೂಪವಾಗುತ್ತದೆ.

ಮಾರಾಟದ ಹಂತಗಳನ್ನು ಹೇಗೆ ವಿಂಗಡಿಸಬೇಕು? ಎಷ್ಟು ಹಂತಗಳಿರಬೇಕು?

ಪೈಪ್‌ಲೈನ್ ಎಂದು ಕರೆಯುವ ಈ ಹಂತಗಳು ಸಣ್ಣ ಉದ್ಯಮಕ್ಕೆ ನಾಲ್ಕೈದು ಇದ್ದರೆ ಧಾರಾಳ. ವಿಚಾರಣೆ ಬಂದಿದೆ, ಅಗತ್ಯವೇನೆಂದು ತಿಳಿದುಕೊಂಡಿದ್ದೇವೆ, ದರಪಟ್ಟಿ ಕೊಟ್ಟಿದ್ದೇವೆ, ಒಪ್ಪಿದರು ಅಥವಾ ಬೇಡವೆಂದರು. ಸಂಖ್ಯೆಗಿಂತ ಮುಖ್ಯವಾದದ್ದು ಹಂತದ ವ್ಯಾಖ್ಯೆ. "ಆಸಕ್ತಿ ಇದೆ" ಎಂಬುದು ಹಂತವಲ್ಲ, ಅದು ಮಾರಾಟಗಾರರ ಅನಿಸಿಕೆ. "ದರಪಟ್ಟಿ ಕಳುಹಿಸಲಾಗಿದೆ" ಎಂಬುದು ನಡೆದ ಘಟನೆ, ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಪ್ರತಿ ಹಂತವೂ ನಡೆದುಹೋದ ಒಂದು ಘಟನೆಯ ಹೆಸರಾಗಿದ್ದರೆ ಇಬ್ಬರು ಸಿಬ್ಬಂದಿ ಒಂದೇ ವಿಚಾರಣೆಯನ್ನು ಎರಡು ಹಂತಗಳಲ್ಲಿ ಇಡುವ ಪ್ರಮೇಯವೇ ಬರುವುದಿಲ್ಲ.

ತಂತ್ರಾಂಶ ಪ್ರತಿ ಹಂತಕ್ಕೂ ಶೇಕಡಾವಾರು ಸಂಭವವನ್ನು ಹಾಕಿ, ಮೊತ್ತದೊಡನೆ ಗುಣಿಸಿ, ಮುಂದಿನ ತಿಂಗಳು ಇಷ್ಟು ವ್ಯಾಪಾರವಾಗಬಹುದೆಂದು ತೋರಿಸುತ್ತದೆ. ನೂರಾರು ವ್ಯವಹಾರಗಳಿರುವ ಕಡೆ ಈ ಲೆಕ್ಕಕ್ಕೆ ಅರ್ಥವಿದೆ. ಕೈಯಲ್ಲಿರುವುದು ಆರೇ ವಿಚಾರಣೆಗಳು, ಅವುಗಳಲ್ಲಿ ಒಂದೇ ಉಳಿದೆಲ್ಲವುಗಳ ಮೊತ್ತಕ್ಕೆ ಸಮವಾಗಿದೆ ಎಂದುಕೊಳ್ಳಿ. ಆ ಒಂದು ಬಂದರೆ ಫಲಿತಾಂಶ ಅಂದಾಜಿಗಿಂತ ಬಹಳ ಮೇಲೆ, ಬಾರದಿದ್ದರೆ ಬಹಳ ಕೆಳಗೆ, ಅಂದಾಜಿನ ಅಂಕಿ ಮಾತ್ರ ಎಂದೂ ನಿಜವಾಗುವುದಿಲ್ಲ. ಅಂಥಲ್ಲಿ ಶೇಕಡಾವಾರನ್ನು ಪಕ್ಕಕ್ಕಿಟ್ಟು ಆರು ಹೆಸರುಗಳನ್ನೂ ಒಂದೊಂದಾಗಿ ಕೂತು ಮಾತನಾಡುವುದೇ ಸರಿಯಾದ ಮುನ್ನೋಟ.

ಬೇಡವೆಂದವರ ದಾಖಲೆಯನ್ನು ಅಳಿಸಬೇಡಿ. ಏಕೆ ಬೇಡವೆಂದರು ಎಂಬುದನ್ನು ಅವರ ಮಾತಿನಲ್ಲೇ ಒಂದು ಸಾಲು ಬರೆದಿಡಿ.

ಸಿಬ್ಬಂದಿ ಮಾಹಿತಿಯನ್ನು ತುಂಬುವುದೇ ಇಲ್ಲ. ಇದಕ್ಕೆ ಪರಿಹಾರವೇನು?

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು, ಮತ್ತು ತಂತ್ರಾಂಶ ಬದಲಿಸಿದರೆ ಇದು ಬಗೆಹರಿಯುವುದಿಲ್ಲ. ತುಂಬದಿರುವುದಕ್ಕೆ ಸೋಮಾರಿತನ ಕಾರಣವಾಗಿರುವುದು ಅಪರೂಪ. ಹೆಚ್ಚಿನ ಕಡೆ ಕಾರಣ ಬಹಳ ಸರಳ: ಬರೆಯುವ ಶ್ರಮ ಒಬ್ಬರದು, ಲಾಭ ಇನ್ನೊಬ್ಬರದು. ಮಾರಾಟಗಾರರು ಬರೆಯುತ್ತಾರೆ, ಮಾಲೀಕರು ವರದಿ ನೋಡುತ್ತಾರೆ, ಮತ್ತು ಆ ವರದಿ ಬರೆದವರನ್ನು ಪ್ರಶ್ನಿಸಲಿಕ್ಕಷ್ಟೇ ಬಳಕೆಯಾಗುತ್ತದೆ. ಹಾಗಿರುವಾಗ ಕಡಿಮೆ ಬರೆಯುವುದೇ ಜಾಣತನವೆಂದು ಯಾರಿಗಾದರೂ ಅನಿಸೀತು.

ಆದ್ದರಿಂದ ಬರೆದದ್ದು ಬರೆದವರಿಗೇ ಮೊದಲು ಉಪಯೋಗವಾಗುವಂತೆ ನೋಡಿಕೊಳ್ಳಬೇಕು. ಬೆಳಿಗ್ಗೆ ತೆರೆದ ಕೂಡಲೇ ಇಂದು ಯಾರಿಗೆ ಕರೆ ಮಾಡಬೇಕೆಂಬ ಪಟ್ಟಿ ಅವರಿಗೆ ಸಿಗಬೇಕು, ರಜೆಯ ಮೇಲೆ ಹೋದಾಗ ಅವರ ಗ್ರಾಹಕರಿಗೆ ಬೇರೆಯವರು ಸರಿಯಾದ ಉತ್ತರ ಕೊಟ್ಟು ಅವರ ರಜೆಗೆ ಭಂಗ ಬಾರದಂತಿರಬೇಕು. ಇಂಥ ಎರಡು ಅನುಭವಗಳು ಹತ್ತು ತರಬೇತಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಮಾಲೀಕರ ನಡೆ ಇದಕ್ಕಿಂತಲೂ ಮುಖ್ಯ. ವಾರದ ಸಭೆಯಲ್ಲಿ ಸಿಆರ್‌ಎಂ ತೆರೆಯದೆ, "ಆ ದೊಡ್ಡ ಆರ್ಡರ್ ಏನಾಯಿತು?" ಎಂದು ಬಾಯಿಮಾತಿನಲ್ಲಿ ಕೇಳುವ ಮಾಲೀಕರು, ಬರೆಯದಿದ್ದರೂ ನಡೆಯುತ್ತದೆ ಎಂದು ತಾವೇ ಕಲಿಸಿಕೊಟ್ಟಂತಾಗುತ್ತದೆ. ತೆರೆಯ ಮೇಲಿನ ಪಟ್ಟಿಯನ್ನು ನೋಡುತ್ತಲೇ ಸಭೆ ನಡೆಸಿ, ಅದರಲ್ಲಿ ಇಲ್ಲದ್ದನ್ನು ಅಲ್ಲೇ ಬರೆಸಿ. ಮಾಲೀಕರು ತಾವು ಮಾಡಿದ ಕರೆಗಳನ್ನು ಸಹ ಅದೇ ಶಿಸ್ತಿನಿಂದ ಬರೆಯಬೇಕು, ಮತ್ತು ಹೆಚ್ಚಿನ ಉದ್ಯಮಗಳಲ್ಲಿ ಮೊದಲು ತಪ್ಪುವುದು ಇದೇ.

ಬರೆಯುವ ಸಮಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಸಂಜೆ ಕೂತು ಇಡೀ ದಿನದ ಕರೆಗಳನ್ನು ಒಟ್ಟಿಗೆ ಬರೆಯುತ್ತೇವೆ ಎಂಬ ನಿರ್ಧಾರ ಎರಡು ವಾರವೂ ಉಳಿಯುವುದಿಲ್ಲ, ಉಳಿದರೂ ಅಷ್ಟು ಹೊತ್ತಿಗೆ ಗ್ರಾಹಕರು ಹೇಳಿದ ಸಣ್ಣ ಸಂಗತಿಗಳು ಮನಸ್ಸಿನಿಂದ ಜಾರಿರುತ್ತವೆ. ಕರೆ ಮುಗಿದ ಕೂಡಲೇ ಎರಡು ಸಾಲು ಸಾಕು. ಬೆರಳಚ್ಚು ಕಷ್ಟವೆನಿಸುವವರು ಮೊಬೈಲ್‌ನ ಧ್ವನಿ ಬರವಣಿಗೆಯನ್ನು ಬಳಸಬಹುದು.

ನೌಕರರು ಕೆಲಸ ಬಿಟ್ಟು ಹೋದರೆ ಗ್ರಾಹಕರೂ ಅವರೊಡನೆ ಹೋಗುವುದನ್ನು ಸಿಆರ್‌ಎಂ ತಡೆಯುತ್ತದೆಯೇ?

ಸಂಬಂಧವನ್ನು ತಡೆದು ನಿಲ್ಲಿಸುವ ಶಕ್ತಿ ಯಾವ ತಂತ್ರಾಂಶಕ್ಕೂ ಇಲ್ಲ. ಆದರೆ ಉಳಿದವರು ಮಾತುಕತೆಯನ್ನು ಅರ್ಧದಿಂದ ಮುಂದುವರಿಸಲು ಅದು ನೆರವಾಗುತ್ತದೆ, ಗ್ರಾಹಕರು ತಮ್ಮ ಕಥೆಯನ್ನು ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ. ಇದಕ್ಕಾಗಿ ವ್ಯವಹಾರದ ಕರೆಗಳೂ ಸಂದೇಶಗಳೂ ಉದ್ಯಮದ ಸಂಖ್ಯೆಯಿಂದ ಹೋಗಬೇಕು. ನೌಕರರ ಸ್ವಂತ ಮೊಬೈಲ್‌ನೊಳಗೆ ನಡೆದ ಮಾತು ಅವರೊಂದಿಗೇ ಹೊರಟುಹೋಗುತ್ತದೆ. ಬಿಟ್ಟು ಹೋಗುವ ದಿನವೇ ಅವರ ಪ್ರವೇಶವನ್ನು ಮುಚ್ಚಿ, ಅವರ ಹೆಸರಿನಲ್ಲಿರುವ ಬಾಕಿ ಕೆಲಸಗಳನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ. ಖಾತೆಯನ್ನೇ ಅಳಿಸಿದರೆ ಅವರು ಬರೆದ ಟಿಪ್ಪಣಿಗಳ ಮೇಲಿನ ಹೆಸರು ಕಳೆದುಹೋಗಬಹುದು, ಆದ್ದರಿಂದ ನಿಷ್ಕ್ರಿಯಗೊಳಿಸುವುದು ಮೇಲು.

ಸಿಆರ್‌ಎಂನಲ್ಲಿರುವ ಎಲ್ಲರಿಗೂ ಒಟ್ಟಿಗೆ ಮಿಂಚಂಚೆ ಕಳುಹಿಸಬಹುದೇ?

ಕಳುಹಿಸಲು ಒಪ್ಪಿಗೆ ಕೊಟ್ಟವರಿಗೆ ಮಾತ್ರ. ದರ ವಿಚಾರಿಸಿದವರೆಲ್ಲರೂ ತಿಂಗಳ ಪ್ರಚಾರ ಪತ್ರವನ್ನು ಕೇಳಿದ್ದಾರೆ ಎಂದಲ್ಲ. ಬೇಡವಾದ ಸಂದೇಶವನ್ನು ಜನ ಸ್ಪ್ಯಾಮ್ ಎಂದು ಗುರುತಿಸಿದಷ್ಟೂ ನಿಮ್ಮ ಡೊಮೈನ್‌ನ (ಮಿಂಚಂಚೆ ವಿಳಾಸದಲ್ಲಿ @ ಚಿಹ್ನೆಯ ನಂತರದ ಹೆಸರಿನ) ಮೇಲಿನ ನಂಬಿಕೆ ಕುಸಿಯುತ್ತದೆ, ಆಮೇಲೆ ನಿಮ್ಮ ದರಪಟ್ಟಿ, ಬಿಲ್ಲುಗಳೂ ಸ್ಪ್ಯಾಮ್ ಪೆಟ್ಟಿಗೆಗೆ ಹೋಗತೊಡಗುತ್ತವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ನಿಯಮಗಳನ್ನು ಬಿಗಿಗೊಳಿಸಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಸಂದೇಶ ನಿಜವಾಗಿ ಆ ಡೊಮೈನ್‌ನಿಂದಲೇ ಬಂದಿದೆ ಎಂದು ತೋರಿಸುವ ದೃಢೀಕರಣ ವಿಧಾನಗಳನ್ನು ಅಳವಡಿಸಬೇಕು, ಪ್ರಚಾರ ಸಂದೇಶಗಳಿಂದ ಒಂದೇ ಒತ್ತಿಗೆ ಹೊರಬರುವ ಸೌಲಭ್ಯ ಕೊಡಬೇಕು, ಸ್ಪ್ಯಾಮ್ ದೂರುಗಳು ಶೇಕಡಾ 0.3ನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ನೀವು ದಿನಕ್ಕೆ ಐವತ್ತೇ ಕಳುಹಿಸಿದರೂ ಇವನ್ನು ಪಾಲಿಸುವುದರಿಂದ ನಷ್ಟವೇನೂ ಇಲ್ಲ.

ಎಷ್ಟು ಜನ ತೆರೆದು ಓದಿದರು ಎಂಬ ಅಂಕಿಯನ್ನು ಹೆಚ್ಚು ನೆಚ್ಚಿಕೊಳ್ಳಬೇಡಿ. ಸಂದೇಶದಲ್ಲಿರುವ ಚಿತ್ರ ಇಳಿದರೆ ತೆರೆದರು ಎಂದು ಅದು ಎಣಿಸುತ್ತದೆ. ಆಪಲ್ ತನ್ನ ಮೇಲ್ ತಂತ್ರಾಂಶದಲ್ಲಿ 2021ರಿಂದ ತಂದಿರುವ ಗೋಪ್ಯತಾ ವ್ಯವಸ್ಥೆ ಸಂದೇಶದ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವುದರಿಂದ, ಓದದವರೂ ಓದಿದಂತೆ ಲೆಕ್ಕಕ್ಕೆ ಸಿಗುತ್ತಾರೆ. ಮರುಉತ್ತರ ಬರೆದವರ ಸಂಖ್ಯೆಯೊಂದೇ ಪ್ರಾಮಾಣಿಕವಾದ ಅಳತೆ.

ಗ್ರಾಹಕರ ಮಾಹಿತಿಯನ್ನು ಇಟ್ಟುಕೊಳ್ಳಲು ಕಾನೂನಿನ ಕಟ್ಟುಪಾಡುಗಳಿವೆಯೇ?

ಇವೆ, ಮತ್ತು ಅವು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. 2018ರ ಮೇ 25ರಿಂದ ಅನ್ವಯವಾಗುತ್ತಿರುವ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮ, ತನ್ನ ಬಗ್ಗೆ ಏನು ಬರೆದಿಟ್ಟಿದ್ದೀರಿ ಎಂದು ಕೇಳುವ, ತಪ್ಪನ್ನು ತಿದ್ದಿಸುವ, ಕೆಲವು ಸಂದರ್ಭಗಳಲ್ಲಿ ಅಳಿಸಿಹಾಕಿಸುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿದೆ. ಒಕ್ಕೂಟದ ಹೊರಗಿದ್ದುಕೊಂಡು ಅಲ್ಲಿನ ಜನರಿಗೆ ಸರಕು ಅಥವಾ ಸೇವೆ ಮಾರುವ ಉದ್ಯಮಗಳಿಗೂ ಅದು ಅನ್ವಯಿಸುತ್ತದೆ. ನಿಮ್ಮ ದೇಶದ ನಿಯಮವನ್ನು ಬಲ್ಲವರಿಂದ ಒಮ್ಮೆ ಕೇಳಿ ತಿಳಿದುಕೊಳ್ಳಿ.

ಕಾನೂನು ಏನೇ ಇರಲಿ, ಟಿಪ್ಪಣಿ ಬರೆಯುವಾಗ ಒಂದು ಪರೀಕ್ಷೆ ಸಾಕು: ಆ ಗ್ರಾಹಕರೇ ನಿಮ್ಮ ಹೆಗಲ ಹಿಂದೆ ನಿಂತು ಓದಿದರೆ ನಿಮಗೆ ಮುಜುಗರವಾಗುತ್ತದೆಯೇ? "ಜಿಪುಣ, ತಲೆ ತಿನ್ನುತ್ತಾರೆ" ಎಂದು ಬರೆಯುವ ಬದಲು "ಬೆಲೆಯ ವಿವರವನ್ನು ಬರವಣಿಗೆಯಲ್ಲಿ ಬಯಸುತ್ತಾರೆ" ಎಂದು ಬರೆದರೆ ಮುಂದಿನವರಿಗೆ ಉಪಯೋಗವೂ ಹೆಚ್ಚು. ಆರೋಗ್ಯ, ಧರ್ಮ, ಕುಟುಂಬದ ಸಂಗತಿಗಳು ವ್ಯವಹಾರಕ್ಕೆ ಬೇಕಿಲ್ಲದಿದ್ದರೆ ಬರೆಯಲೇಬೇಡಿ.

ಕ್ಲೌಡ್‌ನಲ್ಲಿ, ಅಂದರೆ ಸೇವೆ ಕೊಡುವ ಕಂಪನಿಯ ಸರ್ವರ್‌ಗಳಲ್ಲಿ, ಇರುವ ಮಾಹಿತಿ ಸುರಕ್ಷಿತವೇ? ಬ್ಯಾಕಪ್ ಬೇಕೇ?

ಸೇವೆ ಕೊಡುವ ಕಂಪನಿಯ ಸರ್ವರ್‌ಗೆ ಕನ್ನ ಬೀಳುವುದಕ್ಕಿಂತ ನಿಮ್ಮವರೇ ಯಾರೋ ಹಂಚಿಕೊಂಡ ಪಾಸ್‌ವರ್ಡ್ ಕೈತಪ್ಪುವ ಸಾಧ್ಯತೆಯೇ ಹೆಚ್ಚು. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಎರಡು ಹಂತದ ದೃಢೀಕರಣ, ಪಟ್ಟಿಯನ್ನು ಪೂರ್ತಿಯಾಗಿ ಹೊರತೆಗೆಯುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ ಎಂಬ ಮೂರು ಏರ್ಪಾಡುಗಳು ಬಹುಪಾಲು ಅಪಾಯವನ್ನು ತಡೆಯುತ್ತವೆ. ಚಂದಾ ಉಳಿಸಲೆಂದು ಐವರು ಒಂದೇ ಖಾತೆಯಲ್ಲಿ ಕೆಲಸ ಮಾಡಿದರೆ ಯಾರು ಏನು ಬದಲಿಸಿದರು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಬ್ಯಾಕಪ್ ಖಂಡಿತ ಬೇಕು. ಕಂಪನಿ ಇಟ್ಟುಕೊಳ್ಳುವ ಬ್ಯಾಕಪ್ ಅದರ ಯಂತ್ರಗಳು ಕೆಟ್ಟರೆ ಉಪಯೋಗಕ್ಕೆ ಬರುತ್ತದೆ, ನಿಮ್ಮ ಸಿಬ್ಬಂದಿ ತಪ್ಪಿ ಅಳಿಸಿದ ಸಾವಿರ ಹೆಸರುಗಳನ್ನು ಎರಡು ತಿಂಗಳ ನಂತರ ಮರಳಿ ಕೊಡುವ ಹೊಣೆ ಅದಕ್ಕಿಲ್ಲದಿರಬಹುದು. ತಿಂಗಳಿಗೊಮ್ಮೆ ಪೂರ್ತಿ ಹೊರತೆಗೆದು, ಪಾಸ್‌ವರ್ಡ್ ಹಾಕಿ ಬೇರೆ ಕಡೆ ಇಡಿ, ಮತ್ತು ವರ್ಷಕ್ಕೊಮ್ಮೆಯಾದರೂ ಆ ಕಡತವನ್ನು ತೆರೆದು ನೋಡಿ.

ಸ್ವಯಂಚಾಲಿತ ಸಂದೇಶಗಳನ್ನೂ ಎಐ ಸೌಲಭ್ಯಗಳನ್ನೂ ಬಳಸಬಹುದೇ?

ನೆನಪಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಿ, ಮಾತನಾಡುವ ಕೆಲಸವನ್ನು ವಹಿಸುವ ಮುನ್ನ ಎರಡು ಬಾರಿ ಯೋಚಿಸಿ. ದರಪಟ್ಟಿ ಕೊಟ್ಟು ನಾಲ್ಕು ದಿನವಾಯಿತು ಎಂದು ಸಿಬ್ಬಂದಿಗೆ ತಾನಾಗಿ ನೆನಪಿಸುವ ಏರ್ಪಾಡು ಬಹಳ ಒಳ್ಳೆಯದು. ಅದೇ ನಾಲ್ಕನೆಯ ದಿನ ಗ್ರಾಹಕರಿಗೆ ತಾನಾಗಿ ಸಂದೇಶ ಹೋಗುವ ಏರ್ಪಾಡು, ಆ ಗ್ರಾಹಕರು ಹಿಂದಿನ ದಿನವಷ್ಟೇ ಫೋನಿನಲ್ಲಿ ದೂರು ಹೇಳಿದ್ದರೆ, ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಕರೆಯ ಸಾರಾಂಶವನ್ನು ಎಐ ಬರೆದುಕೊಟ್ಟಾಗ ಅದರಲ್ಲಿರುವ ದಿನಾಂಕ, ಮೊತ್ತ, ಪ್ರಮಾಣಗಳನ್ನು ಕರೆ ಮಾಡಿದವರೇ ಓದಿ ಒಪ್ಪಬೇಕು. ಆಡದ ಮಾತನ್ನು ಆಡಿದಂತೆ ಸರಾಗವಾಗಿ ಬರೆಯುವ ದೋಷ ಅದಕ್ಕಿದೆ.

ಸಿಆರ್‌ಎಂನಿಂದ ಪ್ರಯೋಜನವಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಮೊದಲ ಮೂರು ತಿಂಗಳು ಮಾರಾಟದ ಮೊತ್ತವನ್ನು ನೋಡಬೇಡಿ, ಅದು ಹತ್ತಾರು ಕಾರಣಗಳಿಗೆ ಏರಿಳಿಯುತ್ತದೆ. ಅದರ ಬದಲು ವಿಚಾರಣೆ ಬಂದ ಮೇಲೆ ಮೊದಲ ಉತ್ತರ ಹೋಗಲು ಎಷ್ಟು ಹೊತ್ತಾಯಿತು, ಮುಂದಿನ ಹೆಜ್ಜೆಯ ದಿನಾಂಕವಿಲ್ಲದ ವಿಚಾರಣೆಗಳು ಎಷ್ಟಿವೆ, ದಿನಾಂಕ ಮೀರಿಹೋದ ಕೆಲಸಗಳು ಎಷ್ಟಿವೆ ಎಂಬ ಮೂರು ಅಂಕಿಗಳನ್ನು ಪ್ರತಿ ಸೋಮವಾರ ಬರೆದಿಡಿ. ದಿನಕ್ಕೆ ಎಷ್ಟು ಕರೆ ಮಾಡಿದರು ಎಂಬುದನ್ನು ಎಣಿಸಿ ಬಹುಮಾನ ಕೊಡಲು ಹೋದರೆ ಕರೆಗಳ ಸಂಖ್ಯೆ ಏರುತ್ತದೆ, ಅವುಗಳ ಹುರುಳು ಇಳಿಯುತ್ತದೆ.

ಒಂದು ವರ್ಷ ಬಳಸಿಯೂ ಹೊಂದಿಕೆಯಾಗಲಿಲ್ಲ. ಬಿಟ್ಟುಬಿಡಬಹುದೇ?

ಬಿಡಬಹುದು, ಆದರೆ ಏನು ಹೊಂದಲಿಲ್ಲ ಎಂಬುದನ್ನು ಬರೆದುಕೊಂಡು ಬಿಡಿ. ತೆರೆ ನಿಧಾನ, ಮೊಬೈಲ್‌ನಲ್ಲಿ ಕೆಲಸ ಮಾಡುವುದಿಲ್ಲ, ಕನ್ನಡ ಹುಡುಕಾಟ ಇಲ್ಲ ಎಂಬಂಥ ಕಾರಣಗಳಾದರೆ ಬೇರೆ ತಂತ್ರಾಂಶ ನೋಡುವುದು ಸರಿ. ಯಾರೂ ಬರೆಯಲಿಲ್ಲ ಎಂಬುದೇ ಕಾರಣವಾದರೆ ಹೊಸದರಲ್ಲೂ ಅದೇ ಆಗುತ್ತದೆ, ಅದಕ್ಕಿಂತ ಐದು ಅಂಕಣದ ಹಾಳೆಗೆ ಮರಳಿ ಒಂದು ತಿಂಗಳು ಪ್ರತಿದಿನ ಬರೆಯುವುದನ್ನು ರೂಢಿಸಿಕೊಂಡು ಮತ್ತೆ ಯೋಚಿಸುವುದು ಒಳ್ಳೆಯದು. ಚಂದಾ ನಿಲ್ಲಿಸುವ ಮುನ್ನ ಟಿಪ್ಪಣಿಗಳು ಮತ್ತು ಲಗತ್ತುಗಳೂ ಸೇರಿ ಎಲ್ಲವನ್ನೂ ಹೊರತೆಗೆದು, ತೆರೆದು ನೋಡಿ, ಬಳಿಕ ಖಾತೆ ಮುಚ್ಚುವಂತೆ ಲಿಖಿತವಾಗಿ ತಿಳಿಸಿ. ಖಾತೆ ಮುಚ್ಚಿದ ಮೇಲೆ ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಸೇವೆಯ ಒಪ್ಪಂದದಲ್ಲಿರುತ್ತದೆ. ಆ ಅವಧಿ ಮುಗಿಯುವವರೆಗೆ ಹೊರತೆಗೆದ ಕಡತದ ಎರಡು ಪ್ರತಿಗಳನ್ನು ಬೇರೆ ಬೇರೆ ಜಾಗಗಳಲ್ಲಿ ಇಟ್ಟುಕೊಂಡಿರಿ.